ಹೆಸರು ಇಟ್ಟರು, ಮಾತು ಬಿಟ್ಟರು: ‘ಮಾನವತ ಮರ್ಡರ್ಸ್’ ಧಾರಾವಾಹಿಯ ಪಾತ್ರಯೋಜನೆ ಮತ್ತು ಗಡಿಭಾಗದ ಆಡುನುಡಿ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡವನ್ನು ಕುರಿತು ವಿಚಾರ ಮಾಡುವ ಈ ಸಂಕಿರಣದಲ್ಲಿ ನಾನು ಒಂದು ಮರಾಠಿ ಧಾರಾವಾಹಿಯನ್ನು ಎತ್ತಿಕೊಂಡಿದ್ದೇನೆ. ಧ್ವನಿಮಾ, ವಿಭಕ್ತಿ ಪ್ರತ್ಯಯ, ಬಂಧುವಾಚಕ ಇವುಗಳ ಬಗ್ಗೆ ನನಗಿಂತ ಬಲ್ಲವರು ಸಭೆಯಲ್ಲಿದ್ದಾರೆ. ಅವರ ಕೆಲಸದಾಗ ಕೈ ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಆಡುನುಡಿಗೆ ಸಮಾಜದಲ್ಲಿ ಇರುವ ಸ್ಥಾನ ಎಂಥದು ಎಂಬುದು ವ್ಯಾಕರಣದಿಂದಷ್ಟೇ ತಿಳಿಯುವುದಿಲ್ಲ. ರಂಗದ ಮೇಲೆ ಅದನ್ನು ಯಾರ ಬಾಯಿಗೆ ಕೊಡುತ್ತಾರೆ, ಯಾರ ಬಾಯಿಂದ ಕಸಗೋತಾರೆ ಎಂಬುದರಿಂದಲೂ ತಿಳಿಯುತ್ತದೆ. ಭರತಮುನಿ ಭಾಷಾವಿಧಾನಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟದ್ದು ಸುಮ್ಮನೆ ಅಲ್ಲ.

ನಾನು ಹೇಳುವ ಧಾರಾವಾಹಿ ‘ಮಾನವತ ಮರ್ಡರ್ಸ್’. 2024ರ ಅಕ್ಟೋಬರ 4ರಂದು ಸೋನಿ ಲಿವ್‌ನಲ್ಲಿ ಬಂತು. ನಿರ್ದೇಶಕರು ಆಶಿಷ ಅವಿನಾಶ ಬೇಂಡೆ. ಮಾನವತ ಊರು ನಮಗೆ ಪರಕೀಯವಲ್ಲ. ನಮ್ಮ ಹಾಗೆಯೇ ನಿಜಾಮನ ರಾಜ್ಯದಲ್ಲಿದ್ದು ಬಂದ ಮರಾಠವಾಡಾದ ಪರಭಣಿ ಜಿಲ್ಲೆಯ ಊರು ಅದು. ಅಲ್ಲಿ 1972ರ ನವೆಂಬರಿನಿಂದ 1974ರ ಜನವರಿಯ ತನಕ ಸಣ್ಣ ಹುಡುಗಿಯರ ಮತ್ತು ಹೆಂಗಸರ ಕೊಲೆಗಳು ಒಂದರ ಹಿಂದೊಂದು ನಡೆದವು. ಎಪ್ಪತ್ತೆರಡರ ಬರ ಅಂದರೆ ಇವತ್ತಿಗೂ ನಮ್ಮ ಕಡೆಯ ಹಿರಿಯರು ಕೈ ಮುಗಿಯುತ್ತಾರೆ. ಆ ಬರದ ನಡುವೆ ಈ ಭಯ. ಅರಳಿ ಮರದ ಬುಡದಲ್ಲಿ ನಿಧಿ ಇದೆ, ಆ ಮರದ ಮುಂಜಾನಿಗೆ ರಕ್ತ ಕೊಡಬೇಕು ಎಂಬ ನಂಬಿಕೆಯಿಂದ ಇವು ನಡೆದವು ಎಂಬುದು ಪೊಲೀಸರ ವಾದವಾಗಿತ್ತು. ಮುಂಜಾ ಅಂದರೆ ಮದುವೆಯಾಗದೆ ಸತ್ತ ಬ್ರಾಹ್ಮಣ ವಟುವಿನ ಪಿಶಾಚಿ. ಮೌಂಜೀ ಎಂಬ ಸಂಸ್ಕೃತ ಶಬ್ದವೇ ನಮ್ಮ ಮನೆಗಳಲ್ಲಿ ಮುಂಜಿಯಾಗಿ ಮಂಗಲಕಾರ್ಯವಾಯಿತು, ಅದೇ ಶಬ್ದ ಅರಳಿ ಮರ ಹತ್ತಿ ಕೂತು ರಕ್ತ ಕೇಳುವ ಭೂತವೂ ಆಯಿತು. ಶಬ್ದಗಳ ಗತಿ ವಿಚಿತ್ರ.

ತನಿಖೆ ಮಾಡಿದವರು ರಮಾಕಾಂತ ಕುಲಕರ್ಣಿ. 1968ರಲ್ಲಿ ಮುಂಬಯಿಯ ರಮಣ ರಾಘವ ಪ್ರಕರಣದಿಂದ ಹೆಸರಾದ ಅಧಿಕಾರಿ. ಇವರು ಹುಟ್ಟಿದ್ದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಅವರ್ಸಾದಲ್ಲಿ ಎಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. ಅವರ ಇಂಗ್ಲಿಷ್ ಪುಸ್ತಕವೇ ಈ ಧಾರಾವಾಹಿಗೆ ಆಧಾರ. ಅವರ ಪಾತ್ರವನ್ನು ಆಶುತೋಷ ಗೋವಾರೀಕರ ಮಾಡಿದ್ದಾರೆ. ಊರಿನ ಶ್ರೀಮಂತನ ಪಾತ್ರದಲ್ಲಿ ಮಕರಂದ ಅನಾಸಪುರೆ, ಅವನ ಜೊತೆಗಿದ್ದ ಪಾರ್ಧಿ ಹೆಂಗಸು ರುಕ್ಮಿಣಿಯ ಪಾತ್ರದಲ್ಲಿ ಸೋನಾಲಿ ಕುಲಕರ್ಣಿ, ಅವಳ ಸೋದರಿ ಸಮಿಂದ್ರಿಯಾಗಿ ಸಾಂಗ್ಲಿಯ ಸಯೀ ತಾಮ್ಹಣಕರ. ಶ್ರೀಮಂತನ ಪೂರ್ತಿ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ. ರುಕ್ಮಿಣಿ ಎಂಬ ಹೆಸರನ್ನು ಮಾತ್ರ ಬರೆಯಬೇಕಾಗಿದೆ, ಯಾಕಂದರೆ ಪಾತ್ರದ ಹೆಸರೇ ಅದು.

ಸೋನಾಲಿ ಕುಲಕರ್ಣಿ ಸಾಮಾನ್ಯ ನಟಿಯಲ್ಲ. ಮರಾಠಿಯ ‘ಮುಕ್ತಾ’ (1994), ‘ದೋಘೀ’ (1995) ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮೂವತ್ತು ವರ್ಷದ ಮೇಲಿನ ಅನುಭವ. ನಮಗೆ ಇನ್ನೂ ಹತ್ತಿರದ ಸಂಗತಿ ಅಂದರೆ ಈಕೆಯ ಮೊದಲ ಚಿತ್ರ ಗಿರೀಶ ಕಾರ್ನಾಡರ ‘ಚೆಲುವಿ’ (1992). ಹೂವಿನ ಗಿಡವಾಗಬಲ್ಲ ಹುಡುಗಿಯ ಆ ಕಥೆ ಕನ್ನಡದ ಅಜ್ಜಿಯರು ಹೇಳಿದ್ದು, ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿ ಹೊರಗಿನ ಲೋಕಕ್ಕೆ ತೋರಿಸಿದರು. ಅಲ್ಲಿ ಮರವೇ ಹುಡುಗಿ, ಅವಳ ಕೊಂಬೆ ಮುರಿದವರು ಬೇರೆಯವರು. ಇಲ್ಲಿ ಅದೇ ನಟಿ ಮರದ ಬುಡದಲ್ಲಿ ಇನ್ನೊಬ್ಬರ ಮಕ್ಕಳ ರಕ್ತ ಬಯಸಿದಳೆಂಬ ಆರೋಪ ಹೊತ್ತ ಹೆಂಗಸು. ಈ ನಟಿಯ ಬಲ ಇರುವುದು ಮಾತಿಗಿಂತ ಮೊದಲು ಬರುವ ಮೌನದಲ್ಲಿ. ಕಣ್ಣು ಮೊದಲು ಒಪ್ಪಿಕೊಳ್ಳುತ್ತದೆ, ಬಾಯಿ ಆಮೇಲೆ ನಿರಾಕರಿಸುತ್ತದೆ. ಸಾತ್ತ್ವಿಕಾಭಿನಯ ಎಂದು ನಾವು ಪಾಠ ಹೇಳುವಾಗ ಉದಾಹರಣೆಗೆ ಹುಡುಕುವುದು ಇಂಥದನ್ನೇ. ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿದ್ದದ್ದು ಆ ಅಭಿನಯವನ್ನು ಯಾತಕ್ಕೆ ಹಚ್ಚಿದರು ಎಂಬುದರ ಬಗ್ಗೆ.

ನಾಟ್ಯಶಾಸ್ತ್ರದಲ್ಲಿ ಪಾತ್ರಕ್ಕೆ ನಟರನ್ನು ಆರಿಸುವ ಕ್ರಮವನ್ನು ಮೂರು ಬಗೆಯಾಗಿ ಹೇಳಿದೆ. ಹೆಂಗಸಿನ ಪಾತ್ರವನ್ನು ಹೆಂಗಸು, ಗಂಡಸಿನ ಪಾತ್ರವನ್ನು ಗಂಡಸು, ವಯಸ್ಸಿಗೆ ತಕ್ಕಂತೆ ಮಾಡಿದರೆ ಅನುರೂಪಾ. ಮುದುಕನು ಹುಡುಗನಾಗಿ, ಹುಡುಗನು ಮುದುಕನಾಗಿ ಬಂದರೆ ವಿರೂಪಾ. ಗಂಡಸು ಹೆಂಗಸಿನ ಸ್ವಭಾವ ತಳೆದರೆ ರೂಪಾನುಸಾರಿಣೀ. ಇಲ್ಲಿ ಲಕ್ಷಣ ಹೇಳಿದ್ದು ವಯಸ್ಸು ಮತ್ತು ಲಿಂಗದಿಂದ. ನಟಿಯ ಮನೆಮಾತು ಮತ್ತು ಪಾತ್ರದ ಮನೆಮಾತು ಬೇರೆ ಇದ್ದರೆ ಅದಕ್ಕೆ ಏನು ಹೆಸರು? ಅಲ್ಲಿ ಹೆಸರಿಲ್ಲ. ಯಾಕಂದರೆ ಆ ಕಾಲದ ನಟನು ಪಾತ್ರಕ್ಕೆ ವಿಧಿಸಿದ ಭಾಷೆಯನ್ನು ಕಲಿತೇ ಬರಬೇಕಾಗಿತ್ತು. ಮಾಗಧೀ, ಆವಂತೀ, ಶೌರಸೇನೀ ಮೊದಲಾದ ಏಳು ಭಾಷೆಗಳು, ಶಬರರು, ಆಭೀರರು, ಚಂಡಾಲರು, ವನಚರರು ಇವರ ವಿಭಾಷೆಗಳು ಎಂದು ಪಟ್ಟಿಯೇ ಇದೆ. ಪ್ರಯೋಗ ಮಾಡುವವರು ಬೇಕಾದಂತೆ ದೇಶಭಾಷೆಯನ್ನೂ ಬಳಸಬಹುದೆಂಬ ಸವಲತ್ತೂ ಇದೆ. ವನಚರರ ಮಾತನ್ನು ಭರತನು ಕೀಳೆಂದು ತಿಳಿದಿದ್ದಾನು. ಆದರೆ ಇಲ್ಲವೆಂದು ತಿಳಿಯಲಿಲ್ಲ.

ಈಗ ಮೂಲ ವಿಷಯಕ್ಕೆ ಬರೋಣ. ಪಾರ್ಧಿಗಳೆಂದರೆ ಕನ್ನಡ ಸೀಮೆಯಲ್ಲಿ ನಾವು ಹರಣಶಿಕಾರಿ ಎಂದು ಕರೆಯುವ ಬೇಟೆಗಾರ ಜನ. ಬ್ರಿಟಿಷರ 1871ರ ಕಾನೂನಿನಲ್ಲಿ ಇಂಥ ಅನೇಕ ಜಾತಿಗಳಿಗೆ ಹುಟ್ಟಿನಿಂದಲೇ ಅಪರಾಧಿ ಎಂಬ ಮುದ್ರೆ ಬಿತ್ತು. 1952ರಲ್ಲಿ ಆ ಕಾನೂನು ಹೋಯಿತು, ಮುದ್ರೆ ಹೋಗಲಿಲ್ಲ. ಅವರ ಮನೆಮಾತು ಗುಜರಾತಿಗೆ ಹತ್ತಿರದ್ದು. ಸಂತೆಯಲ್ಲಿ, ಗೌಡನ ಅಂಗಳದಲ್ಲಿ, ಠಾಣೆಯಲ್ಲಿ ಮರಾಠಿ. ಗುಡಿಸಲ ಒಳಗ ಪಾರ್ಧಿ. ಧಾರಾವಾಹಿಯಲ್ಲಿ ರುಕ್ಮಿಣಿ ಪೊಲೀಸರ ಮುಂದೆ ಮರಾಠಿ ಆಡುವುದು ಸರಿಯೇ. ಅಕ್ಕತಂಗಿಯರು ತಮ್ಮೊಳಗೆ ತಾವು ಆಡುವಾಗಲೂ ಅದೇ ಹಳ್ಳಿ ಮರಾಠಿ. ಇದು ನಮ್ಮಂಥವರ ಕಿವಿಗೆ ತಟ್ಟನೆ ನೆಡುತ್ತದೆ.

ನಮ್ಮಂಥವರಿಗೆ ಯಾಕ ಅಂತೀರಿ? ನಮ್ಮ ಬಾಳುವೆಯೇ ಅದು ನೋಡ್ರಿ. 1956ರ ನವೆಂಬರ 1ರ ತನಕ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳು. ಆಮೇಲೆ ಉಸ್ಮಾನಾಬಾದ ಜಿಲ್ಲೆ, 1982ರಿಂದ ಲಾತೂರ ಜಿಲ್ಲೆ. ಉಮರ್ಗಾ ಉಸ್ಮಾನಾಬಾದದಲ್ಲಿಯೇ ಉಳಿಯಿತು, ಆ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಸಾಲಿ ಮರಾಠಿ, ಕಚೇರಿ ಮರಾಠಿ, ಬಸ್ಸಿನ ಬೋರ್ಡು ಮರಾಠಿ. 2022ರ ಏಪ್ರಿಲ್‌ನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲಿಯೇ ನಡೆಯಿತು. ಊರು ಸಿಂಗಾರವಾದದ್ದು ನೋಡಿ ನಮಗೂ ಸಂತೋಷವೇ ಆಯಿತು. ಮನೆಯೊಳಗೆ ಅಡಿಗಿ ಮನಿ, ದೇವರ ಮನಿ, ಬಾಣಂತಿ ಕ್ವಾಣಿ ಇಲ್ಲಿ ಕನ್ನಡ. ಇದನ್ನು ನಾನು ಒಳಮಾತು, ಹೊರಮಾತು ಎಂದು ಕರೆಯುತ್ತೇನೆ. ಎರಡರ ನಡುವೆ ಗೋಡೆ ಇದೆ ಅಂತಲ್ಲ. ಬೀದರ ಕಡೆಯ ‘ಏನ್ ಮಾಡ್ಲತೀ’ ಎಂಬ ರೂಪವನ್ನೂ ಲಾತೂರ ಮರಾಠಿಯ ‘ಕಾಯ ಕರಲಾಲಾಸ’ ಎಂಬ ರೂಪವನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿರಿ. ಧಾತುವಿನ ಹಿಂದೆ ಒಂದು ಲಕಾರ, ಅದರ ಹಿಂದೆ ನಡೆಯುತ್ತಿರುವ ಕ್ರಿಯೆಯ ಪ್ರತ್ಯಯ. ಇದು ಕೊಟ್ಟು ಕೊಂಡದ್ದೋ ಕಾಕತಾಳೀಯವೋ ಭಾಷಾಶಾಸ್ತ್ರಿಗಳು ನಿರ್ಣಯಿಸಲಿ. ಸಾಂಗ್ಲಿ ಹತ್ತಿರದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಶಬ್ದ ಬೇರೆ ಇಟ್ಟುಕೊಂಡು ವಾಕ್ಯರಚನೆಯಲ್ಲಿ ಒಂದಾಗಿವೆಯೆಂದು ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿಯೇ ತೋರಿಸಿದ್ದಾರೆ. ವ್ಯಾಕರಣ ಒಂದಾದರೂ ಜನ ಶಬ್ದಗಳನ್ನು ಬೇರೆಯಾಗಿಯೇ ಕಾಯ್ದುಕೊಂಡರು ಎಂಬುದು ಆ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು. ಯಾಕ ಕಾಯ್ದುಕೊಂಡರು? ಒಳಮಾತು ಒಳಗೇ ಇರಲಿ ಅಂತ.

ಈ ಧಾರಾವಾಹಿಯನ್ನು ನಾನು ಮನೆಯವರ ಜೊತೆ ಕೂತು ನೋಡಿದೆ. ಅಕ್ಕತಂಗಿಯರ ಮಾತುಕತೆ ಬಂದಾಗ ನಿಲಂಗಾ ಕಡೆಯ ನಮ್ಮ ಸೊಸಿ ಕೇಳಿದಳು: ‘ಮಾವಾರ, ಇವರ ಮನ್ಯಾಗೂ ಇದೇ ಮಾತ ಆಡ್ತಾರೇನ್ರಿ? ನಾವಂತೂ ಬಾಗಲಾ ಹಾಕ್ಕೊಂಡಮ್ಯಾಲ ಹಿಂಗ ಆಡಲ್ಲಪಾ.’ ಭಾಷಾಶಾಸ್ತ್ರ ಓದಿದವಳಲ್ಲ ಆಕೆ. ನನ್ನ ಪ್ರಬಂಧದ ಅರ್ಧ ಭಾಗವನ್ನು ಆಕೆ ಅಲ್ಲೇ ಮುಗಿಸಿಬಿಟ್ಟಳು.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಮಾತನ್ನೂ ಹೇಳಲೇಬೇಕು. ಮಕರಂದ ಅನಾಸಪುರೆ ಮರಾಠವಾಡಾದ ನಟ. ‘ದೇ ಧಕ್ಕಾ’ (2008), ‘ಗಲ್ಲೀತ ಗೊಂಧಳ ದಿಲ್ಲೀತ ಮುಜರಾ’ (2009) ಮೊದಲಾದ ಚಿತ್ರಗಳಿಂದ ಅವರ ಮಾತು ಮಹಾರಾಷ್ಟ್ರಕ್ಕೆಲ್ಲ ಪರಿಚಿತ. ಆ ಪರಿಚಯ ನಗುವಿನದು. ಅನಾಸಪುರೆ ಬಾಯಿ ತೆರೆದರೆ ಪುಣೆ ಮುಂಬಯಿಯ ಪ್ರೇಕ್ಷಕ ನಗಲು ತಯಾರಾಗಿ ಕೂತಿರುತ್ತಾನೆ. ಮರಾಠವಾಡಿ ಅಂದರೆ ವಿದೂಷಕನ ಭಾಷೆ ಎಂದು ಮರಾಠಿ ಸಿನಿಮಾ ರೂಢಿ ಮಾಡಿಬಿಟ್ಟಿತ್ತು. ಈ ಧಾರಾವಾಹಿಯಲ್ಲಿ ಅದೇ ಎಳೆತ ಇದ್ದೂ ಯಾರಿಗೂ ನಗು ಬರುವುದಿಲ್ಲ. ಹಣ, ಅಧಿಕಾರ, ಸಂತಾನದ ಆಸೆ ಎಲ್ಲವೂ ಆ ನುಡಿಯಲ್ಲಿ ಭಾರವಾಗಿ ಕೂಡುತ್ತವೆ. ಒಬ್ಬ ನಟನ ಆಯ್ಕೆಯಿಂದ ಒಂದು ಆಡುನುಡಿ ಹಾಸ್ಯದಿಂದ ಪಾರಾಯಿತು. ಬೆಂಗಳೂರಿನ ಕನ್ನಡ ಧಾರಾವಾಹಿಗಳಲ್ಲಿ ಉತ್ತರದ ಕನ್ನಡಕ್ಕೆ ಈ ಭಾಗ್ಯ ಬರುವುದು ಅಪರೂಪ. ಅಲ್ಲಿ ಧಾರವಾಡದ ನಾಲ್ಕು ಶಬ್ದ ಹಚ್ಚಿದ ಅಡಿಗೆಯವನೋ ಆಳೋ ಬಂದು ನಗಿಸಿ ಹೋಗುತ್ತಾನೆ. ಬೀದರ, ಭಾಲ್ಕಿ, ಔರಾದದ ನುಡಿಗೆ ಅಷ್ಟೂ ಇಲ್ಲ. ನಮ್ಮ ಗಡಿಯಾಚೆಯ ಕನ್ನಡದ ಸುದ್ದಿ ಕೇಳುವುದೇ ಬೇಡ.

ಹೀಗೆ ಗಂಡಸಿನ ಪಾತ್ರಕ್ಕೆ ಅವನ ನುಡಿ ಸಿಕ್ಕಿತು. ಹೆಂಗಸಿನ ಪಾತ್ರಕ್ಕೆ ಸಿಗಲಿಲ್ಲ. ಆದರೆ ಅವಳ ಹೆಸರನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ದೊಡ್ಡ ಆಕ್ಷೇಪ ಇರುವುದು ಇಲ್ಲಿ.

ಧನಂಜಯನ ದಶರೂಪಕದಲ್ಲಿ ಕಥಾವಸ್ತು ಮೂರು ತರಹ: ಪ್ರಖ್ಯಾತ, ಉತ್ಪಾದ್ಯ, ಮಿಶ್ರ. ಇತಿಹಾಸದಿಂದ ಬಂದದ್ದು ಪ್ರಖ್ಯಾತ, ಕವಿ ಕಲ್ಪಿಸಿದ್ದು ಉತ್ಪಾದ್ಯ. ನಿಜವಾಗಿ ನಡೆದ ಅಪರಾಧದ ಧಾರಾವಾಹಿ ಪ್ರಖ್ಯಾತಕ್ಕೆ ಸೇರುತ್ತದೆ. ಅಲ್ಲಿ ಒಂದು ನಿಯಮವಿದೆ. ಮೂಲಕಥೆಯಲ್ಲಿ ನಾಯಕನಿಗೆ ಅಥವಾ ರಸಕ್ಕೆ ವಿರುದ್ಧವಾದದ್ದು ಇದ್ದರೆ ಅದನ್ನು ಬಿಡಬೇಕು ಇಲ್ಲವೇ ಬದಲಿಸಬೇಕು. ಕಾಳಿದಾಸನು ದುಷ್ಯಂತನ ಮರೆವಿಗೆ ಶಾಪ ತಂದದ್ದು ಹೀಗೆ. ಈಗ ಕೇಳಬೇಕಾದ ಪ್ರಶ್ನೆ: ಮಾನವತದ ಕಥೆಯಲ್ಲಿ ನಾಯಕ ಯಾರು? ಪೊಲೀಸ್ ಅಧಿಕಾರಿ. ಅವರ ಪುಸ್ತಕ, ಅವರ ತನಿಖೆ, ಅವರ ಯಶಸ್ಸು. ಹಾಗಾದರೆ ಆ ಯಶಸ್ಸಿಗೆ ವಿರುದ್ಧವಾದ ಸಂಗತಿ ಯಾವುದು? ಕೆಳಗಿನ ನ್ಯಾಯಾಲಯ ತಪ್ಪಿತಸ್ಥರೆಂದ ರುಕ್ಮಿಣಿ ಮತ್ತು ಆ ಶ್ರೀಮಂತ ಇಬ್ಬರೂ ಮೇಲಿನ ನ್ಯಾಯಾಲಯಗಳಲ್ಲಿ ಬಿಡುಗಡೆಯಾದರು. ಸುಪ್ರೀಂ ಕೋರ್ಟಿನ 1977ರ ಆ ತೀರ್ಪನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ. ಮಾಫಿ ಸಾಕ್ಷಿಯ ಮಾತಿಗೆ ಬೇರೆ ಸ್ವತಂತ್ರ ಆಧಾರ ಬೇಕು ಎಂಬ ವಿಚಾರಕ್ಕೆ ಅದು ಒಂದು ಮುಖ್ಯ ತೀರ್ಪು.

ಕಾನೂನು ಬಿಟ್ಟ ಹೆಂಗಸನ್ನು ಅಭಿನಯ ಹಿಡಿಯಿತು. ನಾನು ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಸಾಧಾರಣ ನಟಿಯೊಬ್ಬಳು ಈ ಪಾತ್ರ ಮಾಡಿದ್ದರೆ ಪ್ರೇಕ್ಷಕನು ‘ಇದು ನಾಟಕ’ ಎಂದು ತಿಳಿದು ಏಳುತ್ತಿದ್ದ. ಸೋನಾಲಿಯವರು ಮಾಡಿದ್ದರಿಂದ ‘ಆಕೆ ಹೀಂಗ ಇದ್ದಳು’ ಎಂದು ತಿಳಿದು ಏಳುತ್ತಾನೆ. ನಟಿ ದೊಡ್ಡವಳಾದಷ್ಟೂ ಆರೋಪ ಗಟ್ಟಿಯಾಗುತ್ತದೆ. ಕಣ್ಣಿನ ಒಂದು ಚಲನೆಯಿಂದ ತೋರಿಸಿದ ಲೋಭಕ್ಕೆ ಸಾಕ್ಷಿ ಬೇಕಾಗುವುದಿಲ್ಲ, ಪಾಟೀಸವಾಲು ಇರುವುದಿಲ್ಲ. ಕೊನೆಗೆ ತೆರೆಯ ಮೇಲೆ ತೀರ್ಪಿನ ಸುದ್ದಿಯನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೂ, ಎಂಟು ಕಂತು ಕಂಡ ಕಣ್ಣು ಅದನ್ನು ಒಪ್ಪುವುದಿಲ್ಲ.

ಭಟ್ಟನಾಯಕ ಮತ್ತು ಅಭಿನವಗುಪ್ತರು ಹೇಳಿದ ಸಾಧಾರಣೀಕರಣವನ್ನು ಇಲ್ಲಿ ನೆನೆಯಬೇಕು. ದುಷ್ಯಂತನ ಬಾಣಕ್ಕೆ ಅಂಜಿ ಓಡುವ ಜಿಂಕೆಯನ್ನು ಕಂಡಾಗ ಸಹೃದಯನಿಗೆ ಆಗುವುದು ಆ ಜಿಂಕೆಯ ಭಯವಲ್ಲ, ತನ್ನ ಭಯವೂ ಅಲ್ಲ. ದೇಶ ಕಾಲಗಳ ಹಂಗು ಕಳಚಿದ ಭಯವೇ. ಆದ್ದರಿಂದ ಅದು ರಸ. ನಿಜ ಅಪರಾಧದ ಧಾರಾವಾಹಿ ಮಾರಾಟವಾಗುವುದೇ ಈ ಹಂಗು ಕಳಚದೆ ಇರುವುದರಿಂದ. ‘ಇದು ಖರೇ ನಡದದ್ದು’ ಎಂಬ ಬರಹದಿಂದ ಶುರುವಾಗುತ್ತದೆ. ಪ್ರೇಕ್ಷಕನು ಲೋಭವನ್ನು ಆಸ್ವಾದಿಸುವುದಿಲ್ಲ, ರುಕ್ಮಿ ಎಂಬ ಪಾರ್ಧಿ ಹೆಂಗಸನ್ನು ದ್ವೇಷಿಸುತ್ತಾನೆ. ಮತ್ತು ಆ ದ್ವೇಷ ಅವಳ ಮನೆತನಕ್ಕೆ, ಅವಳ ಜಾತಿಗೆ, ಇವತ್ತಿಗೂ ಠಾಣೆಯ ಬಾಗಿಲಲ್ಲಿ ಮೊದಲು ನಿಲ್ಲಬೇಕಾದ ಜನಕ್ಕೆ ಹೋಗಿ ಹತ್ತುತ್ತದೆ.

ಹೆಸರು ಇಟ್ಟು, ಮಾತು ಬಿಟ್ಟರು. ಶೂದ್ರಕ ಮಾಡಿದ್ದು ಇದಕ್ಕೆ ಸರಿಯಾಗಿ ತಿರುವುಮುರುವು. ಮೃಚ್ಛಕಟಿಕವನ್ನು ನಾನು ಬಹಳ ವರ್ಷ ಪಾಠ ಹೇಳಿದ್ದೇನೆ. ಅದೂ ಒಂದು ಅಪರಾಧದ ನಾಟಕವೇ. ಶಕಾರನು ವಸಂತಸೇನೆಯ ಕತ್ತು ಹಿಸುಕುತ್ತಾನೆ, ಸತ್ತಳೆಂದು ತಿಳಿದು ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ, ಒಂಬತ್ತನೆಯ ಅಂಕದಲ್ಲಿ ವಿಚಾರಣೆ ನಡೆದು ನಿರಪರಾಧಿಗೆ ಶೂಲದ ಶಿಕ್ಷೆ ಆಗುತ್ತದೆ. ಹೆಸರುಗಳು ಕವಿಯವು. ಮಾತುಗಳು ಮಾತ್ರ ಬೀದಿಯವು. ಯಾವ ಪಾತ್ರ ಯಾವ ಪ್ರಾಕೃತ ಆಡುತ್ತದೆಂದು ವ್ಯಾಖ್ಯಾನಕಾರ ಪೃಥ್ವೀಧರ ಒಂದೊಂದಾಗಿ ಎಣಿಸಿಕೊಟ್ಟಿದ್ದಾನೆ. ಸಕಾರವನ್ನೆಲ್ಲ ಶಕಾರ ಮಾಡುವ ರಾಜಶ್ಯಾಲಕನ ನುಡಿ, ಚಂಡಾಲರ ನುಡಿ, ಜೂಜುಕೋರರ ನುಡಿ ಎಲ್ಲವೂ ಬೇರೆ ಬೇರೆ. ಶಕಾರನ ನುಡಿಯನ್ನು ನಗೆಗೆ ಬಳಸಿದ್ದಾನೆ, ಅದು ನಿಜ; ಆದರೆ ಅದೇ ನಾಟಕದಲ್ಲಿ ಚಾರುದತ್ತನನ್ನು ಶೂಲಕ್ಕೆ ಒಯ್ಯುವ ಚಂಡಾಲರು ತಮ್ಮ ನುಡಿಯಲ್ಲಿಯೇ ಆಡುವ ಕರುಣೆಯ ಮಾತು ಸಂಸ್ಕೃತ ಆಡುವ ನ್ಯಾಯಾಧೀಶನಿಗೂ ಬಂದಿಲ್ಲ. ಕಾರ್ನಾಡರು 1984ರಲ್ಲಿ ಇದನ್ನು ‘ಉತ್ಸವ’ ಎಂದು ಹಿಂದಿಯಲ್ಲಿ ತೆಗೆದಾಗ ರೇಖಾ ವಸಂತಸೇನೆಯಾದರು. ಚೆಂದದ ಚಿತ್ರ. ಅಲ್ಲಿ ಪ್ರಾಕೃತಗಳೆಲ್ಲ ಒಂದೇ ಹಿಂದಿಯಾಗಿ ಹೋದವೆಂಬುದು ಸಂಸ್ಕೃತದವರ ಹಳೆಯ ಗೊಣಗಾಟ.

ಹಾಗಾದರೆ ಪಾರ್ಧಿ ಪಾತ್ರಕ್ಕೆ ಪಾರ್ಧಿ ನಟಿಯೇ ಆಗಬೇಕೇ, ನಮ್ಮ ಪಾತ್ರಕ್ಕೆ ನಮ್ಮ ಹುಡುಗಿಯೇ ಆಗಬೇಕೇ ಎಂದು ಸಭೆಯಲ್ಲಿ ಕೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಶೇಖರ ಕಪೂರರ ‘ಬ್ಯಾಂಡಿಟ್ ಕ್ವೀನ್’ (1994) ನೆನೆಯಿರಿ. ಬ್ರಿಟನ್ನಿನ ಚಾನೆಲ್ ಫೋರ್ ಎಂಬ ಟಿ.ವಿ. ಸಂಸ್ಥೆಯ ಹಣದಿಂದ ಆದದ್ದು. ಫೂಲನ್ ದೇವಿಯ ಪಾತ್ರ ಮಾಡಿದ ಸೀಮಾ ಬಿಸ್ವಾಸ್ ಅಸ್ಸಾಮಿನವರು, ರಾಷ್ಟ್ರೀಯ ನಾಟ್ಯಶಾಲೆಯಲ್ಲಿ ಕಲಿತವರು. ಚಂಬಲ ಕಡೆಯ ಬುಂದೇಲಿ ನುಡಿಯನ್ನು ಬಾಯಿಗೆ ತಂದುಕೊಂಡರು, ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಮಾತು ಕಲಿಯುವುದು ದೊಡ್ಡ ನಟಿಗೆ ಅಸಾಧ್ಯವಲ್ಲ ಎಂಬುದಕ್ಕೆ ಇದು ಸಾಕು. ಆದರೂ ಫೂಲನ್ ದೇವಿ ಸ್ವತಃ ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ ಚಿತ್ರವನ್ನು ವಿರೋಧಿಸಿದರು. ಅಲ್ಲಿ ಮಾತು ಸರಿ ಇತ್ತು. ಹೆಸರು ಬದುಕಿರುವ ಹೆಂಗಸಿನದಿತ್ತು. ಅದೇ ನೆಟ್‌ಫ್ಲಿಕ್ಸಿನ ‘ದಿಲ್ಲಿ ಕ್ರೈಮ್’ (2019) ಹೆಸರುಗಳನ್ನು ಬದಲಿಸಿತು. ಅದರಲ್ಲಿ ಮುಖ್ಯ ನಟಿ ಶೆಫಾಲಿ ಶಾ. ತಂದೆಯ ಕಡೆಯಿಂದ ಶೆಟ್ಟಿ, ತುಳು ಬಲ್ಲವರು. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಆಕೆಯ ಪಾತ್ರ ತನಿಖೆಯ ಅಧಿಕಾರಿಯದು. ನಟಿಯ ಕೌಶಲದಿಂದ ಆ ಅಧಿಕಾರಿಗೆ ಗೌರವ ಹೆಚ್ಚಿತೇ ಹೊರತು ಯಾರ ಮೇಲೂ ಕೊಲೆಯ ಭಾರ ಬೀಳಲಿಲ್ಲ. ಪಾತ್ರಯೋಜನೆಯ ತೂಕ ನೋಡುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು.

ಹೆಸರೂ ಬಿಟ್ಟು ಮಾತೂ ಬಿಟ್ಟದ್ದಕ್ಕೆ ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. 2023ರ ‘ದಹಾಡ್’ ಧಾರಾವಾಹಿಗೆ ದಕ್ಷಿಣ ಕನ್ನಡದ ಸಯನೈಡ್ ಮೋಹನನ ಪ್ರಕರಣವೇ ಪ್ರೇರಣೆ ಎಂದು ಪತ್ರಿಕೆಗಳು ಬರೆದವು. ಸೋನಾಕ್ಷಿ ಸಿನ್ಹಾ ತನಿಖೆಯ ಅಧಿಕಾರಿ, ಕಥೆ ನಡೆಯುವುದು ರಾಜಸ್ಥಾನದಲ್ಲಿ. ಸತ್ತ ಹೆಣ್ಣುಮಕ್ಕಳ ಮನೆತನದ ಮರ್ಯಾದೆ ಉಳಿಯಿತು. ಆದರೆ ತುಳು ಕನ್ನಡ ಆಡುತ್ತ, ಬೀಡಿ ಕಟ್ಟುತ್ತ ಇದ್ದ ಆ ಕರಾವಳಿಯ ಬಡತನ ಎಲ್ಲಿ ಹೋಯಿತು? ವರದಕ್ಷಿಣೆ ಕೊಡಲಾಗದ ಮನೆಯ ಹುಡುಗಿ ಯಾವ ಮಾತಿಗೆ ಮರುಳಾದಳು ಎಂಬುದೇ ಆ ಪ್ರಕರಣದ ತಿರುಳು. ಆ ಮಾತನ್ನೇ ಬದಲಿಸಿದರೆ ಉಳಿಯುವುದು ಒಂದು ಒಗಟು ಮಾತ್ರ.

ನನ್ನ ಅಭಿಪ್ರಾಯ ಇಷ್ಟು. ದೊಡ್ಡ ನಟಿಯನ್ನು ತರ್ರಿ, ಬ್ಯಾಡ ಅನ್ನೋದಿಲ್ಲ. ಹೆಸರು ಬದಲಿಸ್ರಿ, ಒಳಮಾತು ಕಲಿಸ್ರಿ. ನ್ಯಾಯಾಲಯ ಬಿಟ್ಟವರ ಹೆಸರನ್ನು ಇಟ್ಟುಕೊಂಡು ಅವರ ಬಾಯಿಯ ನುಡಿಯನ್ನು ಬಿಟ್ಟರೆ ಅದು ಪ್ರಖ್ಯಾತ ವಸ್ತುವೂ ಅಲ್ಲ, ಉತ್ಪಾದ್ಯವೂ ಅಲ್ಲ.

ಇಲ್ಲಿಗೆ ಇದು ನಾಟಕದ ಮಾತಾಯಿತು. ಆದರೆ ಈ ಸಂಕಿರಣದವರಿಗೆ ಇದರಲ್ಲಿ ಮಾಡಬೇಕಾದ ಕೆಲಸವೊಂದಿದೆ. ಟಿ.ವಿ.ಯವರು ಅಪರಾಧದ ಕಥೆಗೆ ಮೊದಲು ಹುಡುಕುವುದು ಪೊಲೀಸ್ ಮತ್ತು ಕೋರ್ಟಿನ ಕಾಗದ. ಆ ಕಾಗದದಲ್ಲಿ ನಮ್ಮ ಹೆಂಗಸರ ಮಾತು ಯಾವ ರೂಪದಲ್ಲಿ ಇರುತ್ತದೆ? ಸಾಕ್ಷಿಯು ನ್ಯಾಯಾಲಯದ ಭಾಷೆಯಲ್ಲದ ಭಾಷೆ ಆಡಿದರೆ ಸಾಧ್ಯವಾದಷ್ಟು ಆ ಭಾಷೆಯಲ್ಲಿಯೇ ಬರೆದುಕೊಳ್ಳಬೇಕು, ಆಗದಿದ್ದರೆ ನಿಜವಾದ ಅನುವಾದ ಮಾಡಬೇಕು ಎಂದು 1973ರ ದಂಡಪ್ರಕ್ರಿಯಾ ಸಂಹಿತೆಯ 277ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ನಿಯಮ ಮುಂದುವರಿದಿದೆ. ಆದರೂ ನಮ್ಮ ಮುದುಕಿಯರು ಕಟಕಟೆ ಹತ್ತಿದರೆ ಹೊರಮಾತೇ ಆಡುತ್ತಾರೆ. ನಾಚಿಕೆಯಿಂದ ಒಂದು, ಕನ್ನಡ ಅಂದರೆ ತಮ್ಮನ್ನು ಹೊರಗಿನವರೆಂದು ತಿಳಿದಾರು ಎಂಬ ಅಂಜಿಕೆಯಿಂದ ಇನ್ನೊಂದು. ಒಡಕು ಮರಾಠಿಯಲ್ಲಿ ಹೇಳಿದ್ದನ್ನು ಕಾರಕೂನರು ಶುದ್ಧ ಮರಾಠಿ ಮಾಡಿ ಬರೆದುಕೊಳ್ಳುತ್ತಾರೆ.

ಇದರಲ್ಲಿ ಹೋಗುವುದೇನು ಎಂಬುದಕ್ಕೆ ಶೂದ್ರಕನೇ ದಾರಿ ತೋರಿಸುತ್ತಾನೆ. ಒಂಬತ್ತನೆಯ ಅಂಕದಲ್ಲಿ ಶಕಾರನು ಹೇಳಿಕೆ ಕೊಡುವಾಗ, ಯಾರೋ ಕೊಂದರು ಎನ್ನುವ ಭರದಲ್ಲಿ ‘ನನ್ನಿಂದ ಅಲ್ಲ’ ಎಂದು ಬಾಯಿ ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತಾನೆ. ನ್ಯಾಯಾಧೀಶನು ಆ ಮಾತನ್ನೇ ಬರೆದುಕೋ ಎಂದು ಕಾಯಸ್ಥನಿಗೆ ಹೇಳುತ್ತಾನೆ. ಶಕಾರನು ಬರೆದದ್ದನ್ನು ಕಾಲಿನಿಂದ ಒರಸಿಬಿಡುತ್ತಾನೆ. ಒಂದು ಸರ್ವನಾಮದ ಮೇಲೆ ಒಂದು ಮೊಕದ್ದಮೆ ನಿಂತಿತ್ತು.

ನಮ್ಮ ಕನ್ನಡದ ‘ನಾವು’ ಮರಾಠಿಗೆ ಹೋದರೆ ಎರಡಾಗಿ ಸೀಳುತ್ತದೆ. ಕೇಳುವವನನ್ನು ಬಿಟ್ಟ ನಾವು ‘ಆಮ್ಹೀ’, ಕೇಳುವವನನ್ನು ಕೂಡಿಸಿಕೊಂಡ ನಾವು ‘ಆಪಣ’. ಕನ್ನಡದಲ್ಲಿ ಈ ಭೇದವಿಲ್ಲ. ಉಮರ್ಗಾ ಕಡೆಯ ಒಬ್ಬ ಹೆಣ್ಣುಮಗಳು ‘ನಮಗ ರೊಕ್ಕ ಸಿಗ್ತಾವ ಅಂದ’ ಎಂದು ಸಾಕ್ಷಿ ಹೇಳಿದಳೆಂದು ಇಟ್ಟುಕೊಳ್ಳಿರಿ. ಕಾರಕೂನನು ‘ಆಮ್ಹಾಲಾ’ ಎಂದು ಬರೆದರೆ ರೊಕ್ಕ ಸಿಗುವುದು ಆ ಮನುಷ್ಯನಿಗೆ ಮತ್ತು ಅವನ ಕಡೆಯವರಿಗೆ. ಆಕೆ ಬರೇ ಕೇಳಿದವಳು. ‘ಆಪಲ್ಯಾಲಾ’ ಎಂದು ಬರೆದರೆ ಆಕೆಯೂ ಪಾಲುಗಾರಳು. ಆಕೆ ಹೇಳಿದ ‘ನಮಗ’ ಎಂಬ ಮೂರಕ್ಷರದಲ್ಲಿ ಈ ನಿರ್ಣಯ ಇರಲೇ ಇಲ್ಲ. ಬರೆದವನ ಲೇಖಣಿಯಲ್ಲಿ ಅದು ಹುಟ್ಟಿತು. ಮುಂದೆ ಆ ಕಾಗದ ಹಿಡಿದು ಯಾರೋ ಒಬ್ಬ ಸಮರ್ಥ ನಟಿ ಅದೇ ಮಾತನ್ನು ಕಣ್ಣಲ್ಲಿ ಆಸೆ ತುಂಬಿಕೊಂಡು ‘ಆಪಲ್ಯಾಲಾ’ ಎಂದೇ ಆಡುತ್ತಾಳೆ.

ಈ ಮೂರು ತಾಲೂಕುಗಳಲ್ಲಿ ನುಡಿ ಸಂಗ್ರಹಕ್ಕೆ ಹೋಗುವ ತರುಣರು ಹಾಡು, ಒಗಟು, ಗಾದೆಗಳ ಜೊತೆಗೆ ಇಂಥ ವರದಿ ಮಾತನ್ನೂ ಬರೆದುಕೊಂಡು ಬರಬೇಕೆಂದು ನನ್ನ ವಿನಂತಿ. ‘ಅವ ಹಿಂಗಂದ, ನಾ ಹಿಂಗಂದೆ’ ಎಂದು ಹೆಂಗಸರು ಬಾವಿ ಕಟ್ಟೆಯ ಮೇಲೆ, ನಳದ ಹತ್ತಿರ ಹೇಳಿಕೊಳ್ಳುವ ಮಾತು. ಅದರಲ್ಲಿ ನಾವು, ನಮಗ, ನಮ್ಮವು ಎಲ್ಲೆಲ್ಲಿ ಬರುತ್ತವೆ, ಒಳಗೆ ಯಾರು ಹೊರಗೆ ಯಾರು ಎಂಬುದನ್ನು ಅವರು ಸರ್ವನಾಮದಿಂದಲ್ಲದೆ ಮತ್ತೆ ಯಾತರಿಂದ ತೋರಿಸುತ್ತಾರೆ, ಗಂಡಸರ ಮುಂದೆ ಹೇಗೆ, ಬಾಗಲಾ ಹಾಕಿದ ಮೇಲೆ ಹೇಗೆ, ಇಷ್ಟನ್ನು ಊರ ಹೆಸರು, ವಯಸ್ಸು ಸಹಿತ ಬರೆದಿಡಬೇಕು. ಆಡಿದವರ ಹೆಸರು ಬ್ಯಾಡ.